ಹಳದಿ ದಾರದ ದಾಸವಾಳ

ಕುಂಡದ ಮಣ್ಣು ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡೆ. ಒಲೆಯಿಂದ ಈಗಷ್ಟೇ ಇಳಿಸಿದ ಬೋಗುಣಿಯಂತೆ ಸುಡುತ್ತಿತ್ತು. ಜೂನ್ ತಿಂಗಳು. ಹುಬ್ಬಳ್ಳಿಯಲ್ಲಿ ಮಿರಗದ, ಅಂದರೆ ಮೃಗಶಿರದ, ಮಳೆ ಹಿಡಿದಿತ್ತು. ಇಲ್ಲಿ ಚೆನ್ನೈಯಲ್ಲಿ, ಮೈಲಾಪೂರಿನ ಹಳೆಯ ಕಟ್ಟಡದ ಪಡುವಣ ಕಿಟಕಿಯಲ್ಲಿ ನಾನು ನೆಟ್ಟ ಐದು ದಾಸವಾಳದ ಕಡ್ಡಿಗಳಲ್ಲಿ ಎರಡು ಆಗಲೇ ಸುಟ್ಟುಹೋಗಿದ್ದವು.

ತಪ್ಪು ನನ್ನದೇ. ಊರಿನ ಪಂಚಾಂಗ ಹಿಡಿದುಕೊಂಡು ಇಲ್ಲಿ ನೆಟ್ಟಿದ್ದೆ. "ಮಿರಗದ ಮಳಿಗೆ ಕೊಡ್ಲಿ ಕಾವು ನೆಟ್ರೂ ಚಿಗೀತೈತಿ" ಎಂದು ಅವ್ವ ಹೇಳುತ್ತಿದ್ದಳು. ಆ ಮಳೆ ಈ ಊರಿಗೆ ಬರುವುದಿಲ್ಲ ಎಂಬುದು ನನಗಾಗಲಿ ಅವಳಿಗಾಗಲಿ ಹೊಳೆಯಲಿಲ್ಲ.

ಕಡ್ಡಿಗಳು ನಾವು ಬೆಳೆದ ರೈಲ್ವೆ ಕ್ವಾರ್ಟರ್ಸಿನ ನಲ್ಲಿಯ ಪಕ್ಕದ ಗಿಡದವು. ಅಪ್ಪ ನಿವೃತ್ತನಾಗಿ ಆ ಮನೆ ಬಿಟ್ಟ ಮೇಲೂ ಅವ್ವ ದಿನಾ ಅಲ್ಲಿಗೆ ನಡೆದುಹೋಗಿ ಪೂಜೆಗೆ ಹೂ ತರುತ್ತಿದ್ದಳು. ಆ ವರ್ಷ ಕ್ವಾರ್ಟರ್ಸ್ ಕೆಡವಿದರು. ಹಿಂದಿನ ದಿನ ಅವ್ವ ಹೋಗಿ ಐದು ಕಡ್ಡಿ ಕತ್ತರಿಸಿಕೊಂಡು ಬಂದಳು. ತಲೆಕೆಳಗಾಗಿ ನೆಡಬಾರದೆಂದು ಪ್ರತಿಯೊಂದರ ಮೇಲಿನ ತುದಿಗೆ ಹಳದಿ ದಾರ ಕಟ್ಟಿದ್ದಳು. ಅವಳೀಗ ಇರುವ ನನ್ನ ತಮ್ಮನ ಫ್ಲ್ಯಾಟಿಗೆ ಬಿಸಿಲೇ ಬರದು. ಹಾಗಾಗಿ ಕಡ್ಡಿಗಳು ನನ್ನ ಪಾಲಿಗೆ ಬಂದವು.

ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವಳು. ಮೂರು ವರ್ಷ ತುಂಬದೆ ಊರಿಗೆ ಅರ್ಜಿ ಹಾಕುವಂತಿಲ್ಲ. ಮನೆಗೆ ಎರಡು ಕಿಟಕಿ. ಒಂದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಕುತ್ತದೆ, ಇನ್ನೊಂದಕ್ಕೆ ಮಧ್ಯಾಹ್ನದ ಬೆಂಕಿ. ಮೇಲೆ ಮೊಟ್ಟೈಮಾಡಿಯಿದೆ. ಇಲ್ಲಿ ತಾರಸಿಗೆ ಹಾಗೆನ್ನುತ್ತಾರೆ. ಅದರ ಬೀಗದ ಕೈ ಮನೆ ಮಾಲೀಕರ ಸೊಂಟದಲ್ಲಿರುತ್ತದೆ. ಹುಬ್ಬಳ್ಳಿಯಲ್ಲಿ ಬೇಸರವಾದರೆ ಬಾಗಿಲು ದಾಟಿ ಅಂಗಳಕ್ಕೆ ಇಳಿಯುತ್ತಿದ್ದೆ. ಇಲ್ಲಿ ಬಾಗಿಲು ದಾಟಿದರೆ ಇನ್ನೊಬ್ಬರ ಬಾಗಿಲು.

ಉಳಿದ ಮೂರು ಕಡ್ಡಿಗಳನ್ನು ಬಚ್ಚಲುಮನೆಯ ಗವಾಕ್ಷಿಯ ಕೆಳಗಿಟ್ಟೆ. ಅವ್ವ ದಿನಾ ಫೋನಿನಲ್ಲಿ ಕೇಳುತ್ತಿದ್ದಳು: "ಹತ್ತಿತೇನವಾ?" ಒಂದು ಸಂಜೆ, ಯಾಕೋ ಸೋತು, "ಹತ್ತೇತಿ" ಎಂದುಬಿಟ್ಟೆ. ಆ ಮೇಲೆ ಅದು ನಿಜವಾಗಿದೆಯೇ ಎಂದು ನೋಡದೆ ಇರಲಾಗಲಿಲ್ಲ. ಎರಡು ದಿನಕ್ಕೊಮ್ಮೆ ಕಡ್ಡಿ ಎಳೆದು, ತುದಿ ನೋಡಿ, ಮತ್ತೆ ಊರುತ್ತಿದ್ದೆ. ಬೇರಿಲ್ಲ. ದೀಪಾವಳಿ ಹೊತ್ತಿಗೆ ಇನ್ನೆರಡು ಸತ್ತವು. ಕೊನೆಯದರಲ್ಲಿ ಎರಡು ಎಲೆ ಇದ್ದವು.

ಆಗ ಅಡೈಮಳೈ ಶುರುವಾಯಿತು. ಬಿಡದೆ ಹಿಡಿಯುವ ಮಳೆಗೆ ಇಲ್ಲಿಯ ಹೆಸರು ಅದು. ಚಳಿಗಾಲವಿಲ್ಲದ ಈ ಊರಲ್ಲಿ ಎಳೆಯ ಗಿಡ ದಾಟಿ ಬದುಕಬೇಕಾದ ಕಾಲವೆಂದರೆ ಇದೇ. ಬೀದಿ ಮುಳುಗಿತು, ಕರೆಂಟು ಹೋಯಿತು. ಮೂರು ದಿನ ನಾನೂ ಆ ಕಡ್ಡಿಯೂ ಒಂದೇ ತೇವದಲ್ಲಿ ಕೂತಿದ್ದೆವು.

ಎದುರು ಮನೆಯ ಸುಮಿತ್ರಮ್ಮ ಹಾಲು ಕೇಳಲು ಬಂದಾಗ ನನ್ನ ಕೈಯಲ್ಲಿ ಕಿತ್ತ ಕಡ್ಡಿ ಇತ್ತು. ಉಡುಪಿ ಕಡೆಯವರು, ಅವರ ಮಾವನ ಕಾಲದಿಂದ ಇಲ್ಲಿ ಹೋಟೆಲು.

"ಎಂತ ಮಾರಾಯ್ತಿ ಇದು? ಹೀಗೆ ಕಿತ್ತು ಕಿತ್ತು ನೋಡಿದ್ರೆ ಅದು ಬೇರು ಬಿಡೂದು ಯಾವಾಗ?"

"ಕೊಳೆತಿದೆಯೋ ಅಂತ ನೋಡ್ತಿದ್ದೆ."

"ಪಾವಂ," ಎಂದರು ಕಡ್ಡಿಯನ್ನು ನೋಡಿ. ಪಾಪ ಎಂದರ್ಥ. "ನೀನೂ ಹಾಗೇ. ತಿಂಗಳಿಗೊಂದು ಸಲ ಊರಿಗೆ ಓಡಿದ್ರೆ ಇಲ್ಲಿ ಹಿಡಿಯೂದು ಹೇಗೆ? ಕೊಡು ಇಲ್ಲಿ. ತೈ ತಿಂಗಳ ತನಕ, ಪೊಂಗಲ್ ಬರೂ ತನಕ, ಇದರ ಮುಖ ನೋಡ್ಲಿಕ್ಕಿಲ್ಲ. ನಿನ್ನ ಬ್ಯಾಂಕಲ್ಲಿ ಎಫ್‌ಡಿ ಇಟ್ಟ ಹಾಗೆ ಅಂತ ತಿಳ್ಕೊ. ಮಧ್ಯದಲ್ಲಿ ಮುರೀಲಿಕ್ಕೆ ಬಂದ್ರೆ ನಾನು ಬಾಗಿಲೇ ತೆಗಿಯೂದಿಲ್ಲ."

ನಿಜಕ್ಕೂ ತೆಗೆಯಲಿಲ್ಲ. ಎರಡು ಸಲ ಬೆಲ್ ಮಾಡಿದೆ. ಒಳಗಿನಿಂದ "ಯಾರು, ಬ್ಯಾಂಕಿನವಳಾ? ಹೋಗು ಹೋಗು" ಎಂಬ ದನಿ ಮಾತ್ರ ಬಂತು. ಅವ್ವನಿಗೆ ಪ್ರತಿದಿನ ಸುಳ್ಳು ಹೇಳುತ್ತಿದ್ದೆ: ಎಲೆ ಬಂದಾವ, ಚಲೋ ಐತಿ.

ಪೊಂಗಲ್ ಮರುದಿನ ಸುಮಿತ್ರಮ್ಮ ಕುಂಡ ತಂದಿಟ್ಟರು. ಗೇಣುದ್ದದ ಗಿಡ, ಮಿರುಗುವ ಏಳು ಎಲೆ, ತುದಿಯ ಹತ್ತಿರ ಹಳದಿ ದಾರ. ಸಂತೋಷಪಡುವ ಮೊದಲೇ ನನ್ನ ಕಣ್ಣು ಗಂಟಿನ ಮೇಲೆ ಬಿತ್ತು. ಅವ್ವ ಹಾಕುವುದು ಹೂಮಾಲೆಯ ಬಿಗಿ ಗಂಟು. ಇದು ಸಡಿಲವಾಗಿತ್ತು. ಮೆಟ್ಟಿಲ ಬುಡದಲ್ಲಿ ಸುಮಿತ್ರಮ್ಮನದೇ ಒಂದು ಕೆಂಪು ದಾಸವಾಳವಿದೆ. ನನ್ನ ಕಡ್ಡಿ ಸತ್ತಿದ್ದರೆ ಅದರಿಂದ ಇನ್ನೊಂದು ಮುರಿದು ನೆಡುವುದು, ನನ್ನನ್ನು ಬಲ್ಲ ಆಕೆಗೆ, ಎಷ್ಟರ ಕೆಲಸ?

"ಸುಮಿತ್ರಮ್ಮ, ಇದು ಅದೇನಾ?"

"ಬೇರೆ ಎಂತ? ಸಂಶಯ ಇದ್ರೆ ಕಿತ್ತು ನೋಡು."

ಕಡ್ಡಿ ತಂದ ದಿನದ ದಿನಚರಿ ತೆಗೆದು ನೋಡಿದೆ. 'ಹಳದಿ ದಾರ' ಎಂದಷ್ಟೇ ಬರೆದಿದ್ದೇನೆ, ಗಂಟಿನ ಮಾತಿಲ್ಲ. ತೈ ಕಳೆದು ಮಾಸಿ ತಿಂಗಳಲ್ಲಿ ಹೂ ಅರಳಿತು. ನಮ್ಮ ಹೂವಿನ ಒಳಗೆ, ಬುಡದಲ್ಲಿ, ಕಡುಗೆಂಪು ಇತ್ತೆಂದು ನನ್ನ ನೆನಪು. ಇದರಲ್ಲೂ ಇತ್ತು. ಮೆಟ್ಟಿಲ ಬುಡದ ಹೂವಿನಲ್ಲೂ ಇತ್ತು. ಇಷ್ಟು ದಿನ ನಾನು ನೆನಪಿಟ್ಟುಕೊಂಡದ್ದು ಲೋಕದ ಅರ್ಧಕ್ಕರ್ಧ ದಾಸವಾಳವನ್ನೋ ಏನೋ.

ವೀಡಿಯೋ ಕರೆಯಲ್ಲಿ ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ನಮ್ದ ಐತಿ," ಎಂದಳು. "ಮಿರಗಕ್ಕ ಬರುವಾಗ ಎರಡ ಕಡ್ಡಿ ತಾರವಾ."

ಜೂನ್‌ನಲ್ಲಿ ರಜೆ ಹಾಕಿ ಹೊರಟ ದಿನ ಎರಡು ಕಡ್ಡಿ ಕತ್ತರಿಸಿ ಮೇಲಿನ ತುದಿಗೆ ಹಳದಿ ದಾರ ಕಟ್ಟಿದೆ. ಕಟ್ಟಿ ನೋಡಿದರೆ ಗಂಟು ಸಡಿಲವಾಗಿತ್ತು, ಸುಮಿತ್ರಮ್ಮ ತಂದ ಗಿಡದ ಮೇಲಿದ್ದಂಥದ್ದೇ. ಹಾಗಾದರೆ ಕಿತ್ತು ನೋಡುತ್ತಿದ್ದ ದಿನಗಳಲ್ಲಿ ದಾರ ಬಿಚ್ಚಿಹೋಗಿ ನಾನೇ ಮತ್ತೆ ಕಟ್ಟಿ ಮರೆತಿದ್ದೆನೆ? ಅಥವಾ ಆತುರದಲ್ಲಿ ಯಾರು ಕಟ್ಟಿದರೂ ಗಂಟು ಹೀಗೇ ಬೀಳುತ್ತದೆಯೆ?

ಆ ಎರಡೂ ಕಡ್ಡಿಗಳು ಹುಬ್ಬಳ್ಳಿಯಲ್ಲಿ ಹತ್ತಿವೆ. ತಮ್ಮನ ಕೆಳಮನೆಯವರ ಅಂಗಳದಲ್ಲಿ ಅವ್ವ ನೆಟ್ಟಿದ್ದಾಳೆ. ಊರಿಗೆ ಹೋದಾಗ ಅವುಗಳ ಎದುರು ನಿಂತರೆ ಮೈಲಾಪೂರಿನ ಗಿಡ ಇಲ್ಲಿಗೆ ಹೇಗೆ ಬಂತು ಅನ್ನಿಸುತ್ತದೆ. ಚೆನ್ನೈಗೆ ಮರಳಿ ಬೀಗ ತೆಗೆದ ಕೂಡಲೇ, ಚೀಲವನ್ನೂ ಇಳಿಸದೆ, ಹುಬ್ಬಳ್ಳಿಯ ಗಿಡಕ್ಕೆ ನೀರು ಹಾಕುತ್ತೇನೆ.