ಹಿತ್ತಲಿನ ಈಜುಕೊಳಕ್ಕೆ ನಾವೇ ಟೈಲ್ಸ್ ಹಾಕಿದೆವು

ಹೊರಮಾವಿನಲ್ಲಿ ನಮಗೆ ಹಿತ್ತಲು ಎಂದು ಉಳಿದಿದ್ದು ಹಳೆಯ ಕೊಟ್ಟಿಗೆಯಷ್ಟು ಜಾಗ ಮಾತ್ರ. ಹೊಲದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಅಂಗಳದಲ್ಲಿ ಬಾಡಿಗೆ ಮನೆಗಳು. ಆ ಕೊನೆಯ ತುಂಡಿನಲ್ಲೂ ಬಾಡಿಗೆ ಮನೆ ಎಬ್ಬಿಸಲು ನನ್ನ ಮೈದುನ ಟೇಪು ಹಿಡಿದು ಅಳೆಯುತ್ತಿದ್ದಾಗ ನಾನು ಅಡ್ಡ ನಿಂತೆ. ಇಲ್ಲಿ ಈಜುಕೊಳವೇ ಆಗಬೇಕು ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ನೋಡಲಿ!

ನಾನು ಹುಟ್ಟಿ ಬೆಳೆದದ್ದು ಗರುಡಾಚಾರ್‌ಪಾಳ್ಯದಲ್ಲಿ. ನಮ್ಮ ತೋಟದ ಬಾವಿಗೆ ಅಣ್ಣಂದಿರು ದುಡುಂ ಅಂತ ಹಾರುವಾಗ ದಡದಲ್ಲಿ ಕೂತು ಅವರ ಬಟ್ಟೆ ಕಾಯುವ ಕೆಲಸ ನನ್ನದು. ಹೆಣ್ಣುಮಕ್ಕಳು ನೀರಿಗೆ ಇಳಿಯುವಂತಿರಲಿಲ್ಲ. ಐವತ್ತು ದಾಟಿದರೂ ಆ ಹೊಟ್ಟೆಕಿಚ್ಚು ಆರಿಲ್ಲ, ಏನು ಮಾಡಲಿ?

ಯಜಮಾನರು ನನ್ನ ಕಡೆ ವಾಲಿದರು. ಮೈದುನ ಮಾತ್ರ ಷರತ್ತು ಹಾಕಿದ. "ಆಯ್ತು ಅತ್ತಿಗೆ, ಕಟ್ಕೊಳ್ಳಿ. ಆದ್ರೆ ನೀರು ಸೋರಿ ಪಕ್ಕದ ಮನೆ ಪಾಯಕ್ಕೆ ಇಳಿದ್ರೆ ನಾನು ಸುಮ್ನಿರಲ್ಲ. ಅವತ್ತೇ ಮಣ್ಣು ತುಂಬಿಸಿ ಮನೆ ಎಬ್ಬಿಸ್ತೀನಿ." ನಾನೂ ಬಿಡಲಿಲ್ಲ. "ತುಂಬ್ಸು ಹೋಗಪ್ಪ, ಸೋರಿದ್ರೆ ತಾನೆ!"

ಕಂಟ್ರಾಕ್ಟರು ಎದೆಮಟ್ಟದ ಕಾಂಕ್ರೀಟ್ ತೊಟ್ಟಿ ಕಟ್ಟಿ, ನೀರು ಸೋರದ ಲೇಪನ ಬಳಿದು ಹೋದ. ಟೈಲ್ಸ್ ಹಾಕುವವನು ಮಾತ್ರ ನಾಳೆ, ನಾಡಿದ್ದು ಎನ್ನುತ್ತಲೇ ಫೋನ್ ಎತ್ತುವುದನ್ನು ನಿಲ್ಲಿಸಿಬಿಟ್ಟ. ನನಗೆ ರೇಗಿತು. "ರೀ, ಏಳ್ರೀ, ನಾವೇ ಹಾಕೋಣ" ಎಂದು ಯಜಮಾನರನ್ನು ಎಬ್ಬಿಸಿಕೊಂಡು ಟಿನ್ ಫ್ಯಾಕ್ಟರಿಯ ಹತ್ತಿರದ ಅಂಗಡಿಗೆ ಹೋದೆ. ಬಲೆಗೆ ಅಂಟಿಸಿದ, ಬೆರಳಗಲದ ನೀಲಿ ಟೈಲ್ಸಿನ ಹಾಳೆಗಳನ್ನು ನೋಡಿದ್ದೇ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸತೊಡಗಿದೆ. ಮೊದಲ ಮಗುವಿಗೆ ಅಂಗಿ ಆರಿಸುವಾಗಲೂ ಅಷ್ಟು ಸಡಗರವಿರಲಿಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡುವುದು, ಟೈಲ್ಸ್ ಅಂಟಿಸುವ ಗಮ್ಮು ಕಲಸುವುದು, ಹಲ್ಲಿರುವ ಕರಣೆಯಲ್ಲಿ ಗೋಡೆಗೆ ಗೀರುವುದು, ಹಾಳೆ ಒತ್ತುವುದು. ಮೊದಲ ಬಕೆಟ್ಟು ಬಿಸಿಲಿಗೆ ಕಲ್ಲಾಯಿತು. ಆಮೇಲೆ ದೋಸೆ ಹಿಟ್ಟಿನಂತೆ ಬೇಕಾದಷ್ಟೇ ಕಲಸಿದೆವು. ಒಂದು ಹಾಳೆ ಸೊಟ್ಟಗಾದರೆ ನಾನು ಯಜಮಾನರ ಮೇಲೆ ಹಾರುತ್ತಿದ್ದೆ, ಅವರು ನೇರ ನೋಡುವ ತೂಕದ ಗುಂಡನ್ನೇ ಬೈಯುತ್ತಿದ್ದರು. ಸಂದುಗಳಿಗೆ ಗ್ರೌಟ್ ಸಿಮೆಂಟು ತುಂಬುವ ಕೆಲಸವಂತೂ ಆಹಾ! ರಬ್ಬರ್ ಪಟ್ಟಿಯಿಂದ ಅಡ್ಡಡ್ಡ ಒತ್ತಿ, ಒದ್ದೆ ಸ್ಪಂಜಿನಲ್ಲಿ ಒರೆಸಿದರೆ ಬಿಳಿ ಮಬ್ಬಿನ ಅಡಿಯಿಂದ ನೀಲಿ ಪಳಪಳ ಎಂದು ಎದ್ದು ಬರುತ್ತಿತ್ತು. ಮಂಡಿಯ ಚರ್ಮ ಸುಲಿದಿದ್ದು ನನಗೆ ಗೊತ್ತೇ ಆಗಲಿಲ್ಲ.

ಗ್ರೌಟ್ ಚೆನ್ನಾಗಿ ಗಟ್ಟಿಯಾದ ಮೇಲೆ ಬೋರ್‌ವೆಲ್ ನೀರು ಬಿಟ್ಟೆವು. ಅತ್ತೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಗಂಗೆಪೂಜೆ ಮಾಡಿದರು. ಮೈದುನ ನೀರಿನ ಮಟ್ಟಕ್ಕೆ ಸರಿಯಾಗಿ ಕರಿ ಟೇಪು ಅಂಟಿಸಿ, "ಬೆಳಿಗ್ಗೆ ನೋಡೋಣ" ಅಂದ. ಮಟ್ಟ ನಿಂತರೆ ಕೊಳ ನನ್ನದು, ಇಳಿದರೆ ಜಾಗ ಅವನದು.

ಬೆಳಿಗ್ಗೆ ಹೋಗಿ ನೋಡಿದರೆ ನೀರು ಟೇಪಿಗಿಂತ ಒಂದು ಬೆರಳು ಕೆಳಗಿದೆ! ಮೈದುನ ಆಗಲೇ ಮಣ್ಣಿನ ಲೋಡಿಗೆ ಫೋನ್ ಹಚ್ಚಿದ್ದ. ಯಜಮಾನರು ಬಗ್ಗಿ ಸಂದುಸಂದಿಗೂ ಕೈಯಾಡಿಸಿದರು. ಎಲ್ಲೂ ಬಿರುಕಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಮುಖ ತಿರುಗಿಸಿಕೊಂಡೆ.

ತಿರುಗಿದ್ದೇ ಒಳ್ಳೆಯದಾಯಿತು. ಮನೆಯ ಪಕ್ಕದ ಓಣಿಯೆಲ್ಲ ತೊಳೆದು ನೀರು ನಿಂತಿದೆ. ಕರಿಬೇವಿನ ಪಾತಿ ತುಂಬಿ ಹರಿಯುತ್ತಿದೆ. ಕಾಂಪೌಂಡಿನ ಮೇಲೆ ಮನೆಯ ಕೌದಿಗಳೆಲ್ಲ ತೊಟ್ಟಿಕ್ಕುತ್ತಿವೆ. ಅವುಗಳ ಪಕ್ಕದಿಂದ ಬಕೆಟ್ಟು ಹಿಡಿದು ಅತ್ತೆ ಬಂದರು.

"ಅತ್ತೆ, ಕೊಳದಿಂದ ನೀರು ತಗೊಂಡ್ರಾ?"

"ಹೂಂ ಕಣಮ್ಮ, ಕೋಳಿ ಕೂಗೋಕ್ ಮುಂಚೇನೇ. ಹೊಸ ಬಾವಿ ನೀರು ಸೇದಿ ಚೆಲ್ದೆ ಇದ್ರೆ ಊಟೆ ಮುಚ್ಕೊಂಡ್ಬಿಡುತ್ತೆ. ಸೇದಿದ್ರೇ ತಾನೆ ಹೊಸ ನೀರು ಬರೋದು?"

ಬಾವಿಯಂತೆ! ತಳಕ್ಕೆಲ್ಲ ಟೈಲ್ಸ್ ಹಾಕಿರುವ ತೊಟ್ಟಿಯಲ್ಲಿ ನೀರುಕ್ಕುವ ಊಟೆ ಎಲ್ಲಿಂದ ಬರಬೇಕು? ನಾನು ಅಳುತ್ತಲೇ ನಗತೊಡಗಿದೆ. ಮೈದುನ ನಗಲಿಲ್ಲ. ಲೋಡನ್ನು ಒಂದು ದಿನ ತಡೆದು, ಇಳಿದ ಮಟ್ಟಕ್ಕೆ ಹೊಸ ಟೇಪು ಅಂಟಿಸಿ, ಬಕೆಟ್ಟುಗಳನ್ನೆಲ್ಲ ತನ್ನ ಕಾರಿನಲ್ಲಿಟ್ಟು ಬೀಗ ಹಾಕಿದ.

ಮರುದಿನ ನೀರು ಟೇಪಿಗೆ ತಾಗಿಕೊಂಡೇ ನಿಂತಿತ್ತು. ಮೈದುನ ಬಗ್ಗಿ ನೋಡಿದ, ಕೂತು ನೋಡಿದ. ಕೊನೆಗೆ ಫೋನ್ ತೆಗೆದು, "ಮಣ್ಣು ಬೇಡ ಗುರು, ಕ್ಯಾನ್ಸಲ್ ಮಾಡು" ಅಂದ. ನಾನು ಅಲ್ಲಿಯವರೆಗೂ ಕಾಯಲಿಲ್ಲ. ನೈಟಿಯಲ್ಲೇ ಮೆಟ್ಟಿಲಿಳಿದೆ. ಮಂಡಿ, ಸೊಂಟ, ಎದೆ. ಅಯ್ಯಪ್ಪಾ, ಆ ತಣ್ಣಗಿನ ಸುಖ! ಕೇರಿಗೆಲ್ಲ ಕೇಳುವಂತೆ ಕಿರುಚಿಬಿಟ್ಟೆ.

ಕಿರುಚಾಟ ನಿಲ್ಲಿಸಿ ನೋಡಿದರೆ ಅತ್ತೆ ದಡದಲ್ಲಿ ನಿಂತು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು.

"ಅತ್ತೆ, ಬಕೆಟ್ ಕಾರಲ್ಲಿದೆ" ಎಂದೆ.

"ಬಕೆಟ್ ಯಾರಿಗ್ ಬೇಕು? ಹುಟ್ಟಿದಾಗಿಂದ ನೀರು ಸೇದಿದ್ದೇ ಆಯ್ತು. ಒಂದ್ಸಲನಾದ್ರೂ ಯಾರಾದ್ರೂ ನನ್ನನ್ನ ನೀರೊಳಗೆ ಬಾ ಅಂದ್ರಾ? ಕೈ ಕೊಡೇ."

ನಾನು ಎರಡೂ ಕೈ ಚಾಚಿದೆ.