ಟೇಪಿನ ಜೊತೆ ಬಾಯಿ ಆಡಿಸಿದ ಮದುವೆ

ಸುಳ್ಯದ ಒಂದು ಆರ್ಕೆಸ್ಟ್ರಾದಲ್ಲಿ ನಾನು ಹಾಡುತ್ತಿದ್ದೆ. ಆಗೆಲ್ಲ ಪುಸ್ತಕ ಹಿಡಿದು ಮೈಕಿನೆದುರು ಕಂಬದ ಹಾಗೆ ನಿಂತರೆ ಸಾಕಿತ್ತು. ಊರಿಗೆ ಟಿವಿ, ವಿಡಿಯೋ ಬಂದವು ನೋಡಿ, ಐವರ್ನಾಡಿನ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ನನ್ನನ್ನು ಬದಿಗೆ ಕರೆದರು.

"ನಿಂತು ಹಾಡುದು ಯಾರಿಗೆ ಬೇಕು ಮಾರಾಯ್ರೆ? ವಿಡಿಯೋದಲ್ಲಿ ಹಾಡುವವರ ಹಾಗೆ ಕುಣಿದು ಹಾಡ್ಬೇಕು. ಆಗದಿದ್ದರೆ ಊಟ ಮಾಡಿ ಹೊರಡಿ."

ಕುಣಿದರೆ ನನಗೆ ಏದುಸಿರು. ಮೈಕ್‌ಸೆಟ್ಟಿನ ಅಬ್ಬು ಉಪಾಯ ಹೇಳಿದ: "ನಿಮ್ಮದೇ ಹಾಡು ಕ್ಯಾಸೆಟಿನಲ್ಲಿ ಉಂಟಲ್ಲ, ಅದನ್ನು ಹಾಕ್ತೇನೆ. ನೀವು ಬಾಯಿ ಆಡಿಸಿ ಕುಣೀರಿ. ವಿಡಿಯೋದವರು ಮಾಡುದೂ ಅದನ್ನೇ."

ಒಂದು ಚರಣ ಸುಖವಾಗಿ ಮುಗಿಯಿತು. ಅಷ್ಟರಲ್ಲಿ ವೋಲ್ಟೇಜ್ ಇಳಿದು ಟೇಪು ನಿಧಾನವಾಯಿತು. ನನ್ನ ಸ್ವರ ಕೋಣ ನರಳಿದ ಹಾಗೆ ಕೇಳತೊಡಗಿತು. ಮೋಸ ಗೊತ್ತಾದರೆ ನಾಳೆಯಿಂದ ನಮ್ಮನ್ನು ಯಾವ ಮದುವೆಗೂ ಕರೆಯುವವರಿಲ್ಲ. ಆ ಹೆದರಿಕೆಯಲ್ಲಿ ಹೊಳೆದದ್ದು ಒಂದೇ: ತುಟಿಯನ್ನೂ ಕಾಲನ್ನೂ ಟೇಪಿನಷ್ಟೇ ನಿಧಾನ ಮಾಡಿದೆ. ಎತ್ತಿದ ಕೈ ಕೆಳಗಿಳಿಯಲಿಕ್ಕೆ ಒಂದು ಯುಗ ಹಿಡಿಯಿತು. ಸೋದರಮಾವ ಎದ್ದು ನಿಂತರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಸ್ಲೋ ಮೋಷನ್!" ಎಂದು ಕೂಗಿ ಅವರು ಚಪ್ಪಾಳೆ ತಟ್ಟಿದರು. "ಸೀದಾ ವಿಡಿಯೋದಲ್ಲಿ ಬರುವ ಹಾಗೆಯೇ ಉಂಟು!"

ಹೊರಡುವಾಗ ಬಂದು ಕೈ ಹಿಡಿದುಕೊಂಡರು. "ಬರುವ ತಿಂಗಳು ಬೆಟ್ಟಂಪಾಡಿಯಲ್ಲಿ ತಮ್ಮನ ಮದುವೆ. ಆ ನಿಧಾನದ್ದು ಬೇಕೇ ಬೇಕು."

ನಾನು ಅಬ್ಬುವಿನ ಮುಖ ನೋಡಿದೆ.

"ನನ್ನನ್ನು ಎಂತ ನೋಡುದು?" ಎಂದ ಆತ. "ಕರೆಂಟಿನ ಆಫೀಸಿಗೆ ಹೋಗಿ ಹೇಳಿ ಬನ್ನಿ."