ಕೊನೆಯ ಸ್ವರದ ಗಾಳಿ

ಫಿನ್ಲೆಂಡಿನ ಹೌಕಿಲಹ್ತಿಯ ಚರ್ಚಿನಲ್ಲಿ ಏವರ್ತಿ ಪೂಸ್ತಿನೆನ್ ಆರ್ಗನ್ನಿನ ತಿದಿ ತುಳಿಯುವ ಕೆಲಸಕ್ಕೆ ಸೇರಿದ್ದು 1919ರ ನವೆಂಬರ್ 1ರಂದು. ವಾದ್ಯದ ಹಿಂದಿನ ಕಿಟಕಿಯಿಲ್ಲದ ಗೂಡಿನಲ್ಲಿ ನಿಂತು, ಎರಡು ಹಲಗೆಗಳನ್ನು ಸರದಿಯಂತೆ ತುಳಿದು ಕೊಳವೆಗಳಿಗೆ ಗಾಳಿಯೂಡುವುದಷ್ಟೇ ಅವನು ಬಲ್ಲ ಸಂಗೀತ.

1926ರ ಅಕ್ಟೋಬರ್ 10, ಭಾನುವಾರ. ಅದೇ ಸೀಮೆಯಲ್ಲಿ ಹುಟ್ಟಿ ಹೆಲ್ಸಿಂಕಿಯಲ್ಲಿ ನೆಲೆಸಿದ್ದ ಸಂಗೀತಕಾರರೊಬ್ಬರು ತಾಯಿಯ ನೆನಪಿಗೆಂದು ರಚಿಸಿದ ನಾಲ್ಕೇ ನಿಮಿಷದ ಕೃತಿಯನ್ನು ವಾದಕ ರೋಪೊನೆನ್ ಅಂದು ಮೊದಲ ಬಾರಿಗೆ ನುಡಿಸಿದರು. ಕೊನೆಯಲ್ಲೊಂದು ದೀರ್ಘ ಮೌನ. ಬಳಿಕ ಒಂದೇ ಒಂದು ಸ್ವರಮೇಳ. ಅದನ್ನರಿಯದ ಏವರ್ತಿ ಮುಗಿಯಿತೆಂದು ಹಲಗೆಯಿಂದ ಇಳಿದುಬಿಟ್ಟ. ಗಾಳಿ ಸೋರಿಹೋದ ಕೊನೆಯ ಸ್ವರ ಮುದಿ ಹಸುವಿನಂತೆ ನರಳಿ ಅಡಗಿತು.

ಅಂದು ಸಂಜೆ ಕಾಫಿ ಬಗ್ಗಿಸುತ್ತ ಹೆಂಡತಿ ಸೈಮಾ ನಕ್ಕಳು. "ಅಲ್ರೀ, ಊಟ ಮುಗಿಯೋ ಮುಂಚೇನೇ ತಟ್ಟೆ ಎತ್ಕೊಂಡ್ ಹೋದ್ರಲ್ಲ!"

"ಅವರು ಸುಮ್ನಾಗ್ಬಿಟ್ರು ಕಣೇ. ನಂಗೇನ್ ಗೊತ್ತು?"

"ಸುಮ್ಮನಾದೋರೆಲ್ಲ ಮುಗಿಸ್ಬಿಟ್ರು ಅಂತಲ್ಲ. ನಾನ್ ಸತ್ತಾಗ ಅದನ್ನೇ ನುಡಿಸ್ಬೇಕು, ನೀವೇ ತುಳೀಬೇಕು. ಪೂರ್ತಿ ಆಗೋ ಮುಂಚೆ ಇಳಿದ್ರೆ ನೋಡಿ ಮತ್ತೆ!"

ಇಪ್ಪತ್ತಮೂರು ವರ್ಷ ಅದು ಮನೆಯ ತಮಾಷೆಯಾಗಿಯೇ ಉಳಿಯಿತು. ಎದೆಯ ರೋಗದಿಂದ ಮಲಗಿದ ಸೈಮಾ ಕೊನೆಯ ವಾರದಲ್ಲಿ ಅದೇ ಮಾತನ್ನು ನಗದೆ ಹೇಳಿದಳು. 1950ರ ಫೆಬ್ರವರಿ 26ರಂದು ತೀರಿಕೊಂಡಳು. ತಿದಿಗೆ ವಿದ್ಯುತ್ ಯಂತ್ರ ಬರುವುದು ಮಾರ್ಚ್ 20ಕ್ಕೆಂದು ಗೊತ್ತಾಗಿತ್ತು. ಶವಸಂಸ್ಕಾರ ಅದಕ್ಕೂ ಮೊದಲು, 11ರ ಶನಿವಾರ; ಅಂದು ಇನ್ನೂ ಕಾಲಲ್ಲೇ ತುಳಿಯಬೇಕಿತ್ತು.

ಆ ಕೃತಿ ನುಡಿಯುತ್ತಿರುವಾಗಲೇ ಶವಪೆಟ್ಟಿಗೆಯನ್ನು ಹೊರಗೊಯ್ಯಬೇಕು. ವಾಡಿಕೆಯಂತೆ ತಲೆಯ ಕಡೆಗೆ ಗಂಡನೇ ಹೆಗಲು ಕೊಡಬೇಕು. ಸೈಮಾಳ ತಂಗಿ ಈದಾ ಸಿಡುಕಿದಳು: "ಭಾವ, ಬುದ್ಧಿ ನೆಟ್ಟಗಿದ್ಯಾ? ಅಕ್ಕನ್ನ ಹೊರೋದ್ ಬಿಟ್ಟು ಆ ಗೂಡಲ್ಲಿ ಹೋಗಿ ನಿಲ್ತೀರಾ? ಯಾರಾದ್ರೂ ತುಳೀತಾರೆ ಬಿಡಿ."

"ಯಾರಾದ್ರೂ ಆದ್ರೆ ಇಳಿದ್ಬಿಡ್ತಾರೆ ಈದಾ. ನಾನೇ ಇಳಿದಿದ್ದೆ."

ಪೆಟ್ಟಿಗೆಯ ಬಳಿ ಹೂವಿಟ್ಟು, ಹೂವಿಗೆ ಕಟ್ಟಿದ ರಿಬ್ಬನ್ನಿನ ಮೇಲೆ ಬರೆದಿದ್ದ ಎರಡು ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿ, ಏವರ್ತಿ ಆರ್ಗನ್ನಿದ್ದ ಮಹಡಿ ಹತ್ತಿದ. ಪೆಟ್ಟಿಗೆ ಹೊರಲು ಅವನ ಜಾಗದಲ್ಲಿ ನೆರೆಯವನೊಬ್ಬ ನಿಂತ.

ಕೃತಿ ಆರಂಭವಾಯಿತು. ಹೊರುವವರು ಎಲ್ಲಿಯವರೆಗೆ ಬಂದರೆಂಬುದು ಗೂಡಿನೊಳಗಿದ್ದವನಿಗೆ ತಿಳಿಯದು. ಆ ಮೌನ ಬಂದಾಗ ಮಾತ್ರ ಆರು ಜೋಡಿ ಬೂಟುಗಳ ಸದ್ದು ಕೇಳಿಸಿತು. ಮುಗಿಯಿತೆಂದು ಅವರೂ ತಿಳಿದಿದ್ದರು. ಬಿರಬಿರನೆ ಬಾಗಿಲು ದಾಟುತ್ತಿದ್ದರು. ಅವನ ಬಲಗಾಲು ತಾನಾಗಿಯೇ ಹಲಗೆಯಿಂದ ಮೇಲೆದ್ದಿತು. ಓಡಿದರೆ ಮೆಟ್ಟಿಲ ಬಳಿಯಾದರೂ ಹೆಗಲು ಕೊಡಬಹುದಿತ್ತು. ಕಾಲನ್ನು ಮತ್ತೆ ಹಲಗೆಯ ಮೇಲಿಟ್ಟು ಒತ್ತಿದ. ಕೊನೆಯ ಸ್ವರ ಚರ್ಚಿನ ತುಂಬ ತುಂಬಿ ನಿಂತಿತು.

"ಪೂರ್ತಿ ಬಂತು, ಏವರ್ತಿ," ಎಂದರು ಮುದುಕ ರೋಪೊನೆನ್, ಕಣ್ಣೊರೆಸಿಕೊಳ್ಳುತ್ತ.

"ಬಂತು. ಅಷ್ಟ್ರಲ್ಲಿ ಅವಳನ್ನ ಆಚೆ ಒಯ್ದಿದ್ರು."

ಟೋಪಿ ಕೈಯಲ್ಲಿ ಹಿಡಿದು ಕೆಳಗಿಳಿದ. ಒಳಗೆ ಯಾರೂ ಇರಲಿಲ್ಲ. ಹೊರಗೆ ಶವಯಾತ್ರೆಯ ಹಾದಿಗೆಂದು ಹಿಮದ ಮೇಲೆ ಹಾಸಿದ್ದ ಸ್ಪ್ರೂಸ್ ಮರದ ಹಸಿರು ಟೊಂಗೆಗಳನ್ನು ಜನ ಆಗಲೇ ತುಳಿದು ಹೋಗಿದ್ದರು. ಅದೇ ಹಾದಿಯಲ್ಲಿ ಏವರ್ತಿ ಒಬ್ಬನೇ, ಎಲ್ಲರಿಗಿಂತ ಹಿಂದೆ ನಡೆದ.